ಮುಕ್ಕಾಲು ಪಿಕ್ಚರಿನ ಊರು

ರೋಣಕ್ಕೆ ಬಂದ ಮೊದಲ ಮಧ್ಯಾಹ್ನ ನನಗೆ ಎಚ್ಚರವಾದದ್ದು ಅಳುವಿನ ಸದ್ದಿಗೆ. ಒಬ್ಬರ ಅಳುವಲ್ಲ, ಮನೆ ತುಂಬ ಹೆಂಗಸರ ಅಳು. ಯಾರೋ ಹೋಗಿಬಿಟ್ಟರು ಅಂದುಕೊಂಡು ಬಿಚ್ಚುಗೂದಲಲ್ಲೇ ಎದ್ದುಬಿದ್ದು ಓಡಿದೆ. ಪಡಸಾಲಿಯಲ್ಲಿ, ಅಂದರೆ ಮನೆಯ ಮುಂದಿನ ಅಂಕಣದಲ್ಲಿ, ನಮ್ಮತ್ತೆ ನೀಲವ್ವ ಮತ್ತು ಓಣಿಯ ಹೆಂಗಸರು ಸಾಲಾಗಿ ಕೂತು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದರು. ಎದುರಿಗೆ ಟಿವಿ. ಅದರೊಳಗೆ ಕಪ್ಪು ಬಿಳುಪಿನ ಒಬ್ಬಳು ಕಂಬ ಹಿಡಿದು ಗೋಳಾಡುತ್ತಿದ್ದಳು.

"ಯಾಕ ಗಾಬರ್ಯಾದಿ? ಬಾ, ಕುಂದ್ರು. ಅಕಿ ಗಂಡ ಈಗ ಬರತಾನ, ಬಂದು ಒದಿತಾನ" ಅಂದರು ಅತ್ತೆ, ಊಟಕ್ಕೆ ಕರೆದಷ್ಟು ಸಲೀಸಾಗಿ.

ಬಂದ. ಒದ್ದ. ಎಲ್ಲರೂ ಇನ್ನೊಂದು ಸುತ್ತು ಅತ್ತರು. ಆಮೇಲೆ ಚಹಾ ಆಯಿತು.

ನಂಜನಗೂಡಿನ ನನ್ನ ಜನವೇ, ಫೋನ್ ಮಾಡಿದಾಗಲೆಲ್ಲ "ಹೊಂದಿಕೊಂಡ್ಯಾ?" ಅಂತ ಕೇಳುತ್ತೀರಲ್ಲ, ಹೊಂದಿಕೊಳ್ಳೋದು ಅಂದರೆ ಏನಂತ ತಿಳಿದಿದ್ದೀರಿ? ನನ್ನ ಗಂಡ ಬಸವರಾಜು ನಮ್ಮೂರ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದಾಗ ಕಪಿಲಾ ನದಿಯ ಮೆಟ್ಟಿಲ ಮೇಲೆ ಕೂತು, "ನಮ್ಮ ಕಡೆ ಮಂದಿ ಭಾಳ ಚಲೋ" ಅಂದಿದ್ದರು. ಅವರಿಗೆ ಸ್ವಂತ ತಾಲ್ಲೂಕಿಗೆ ವರ್ಗವಾಯಿತು, ನಾನು ಗಂಟುಮೂಟೆ ಕಟ್ಟಿಕೊಂಡು ಹಿಂದೆ ಬಂದೆ. ಮಂದಿಯ ಮಾತು ಆಮೇಲಿರಲಿ, ಮೊದಲು ಬಿಸಿಲು. ಅಲ್ಲಿ ಬಿಸಿಲು ಬಂದರೆ ಮರದ ಕೆಳಗೆ ನಿಲ್ಲುತ್ತೇವೆ, ಇಲ್ಲಿ ಮರ ಹುಡುಕಿಕೊಂಡು ಹೋಗುವಷ್ಟರಲ್ಲಿ ಸಂಜೆಯಾಗುತ್ತದೆ. ಮಳೆ ಬಂತೋ, ಎರೆಮಣ್ಣು ಚಪ್ಪಲಿಗೆ ಅಂಟಿ ಒಂದೊಂದು ಕಾಲೂ ರುಬ್ಬುಗುಂಡಿನಷ್ಟು ಭಾರ. ನೀರು ಯಾವಾಗ ಬರುತ್ತದೋ ನಲ್ಲಿಗೇ ಗೊತ್ತಿಲ್ಲ. ಕಾಫಿ ಕೇಳಿದರೆ "ಜ್ವರಾ ಬಂದಾವೇನು?" ಅನ್ನುತ್ತಾರೆ.

ಇನ್ನು ರೊಟ್ಟಿ. ನಾನು ಬಡಿದ ಮೊದಲ ಜೋಳದ ರೊಟ್ಟಿಯನ್ನು ಅತ್ತೆ ಬೆಳಕಿಗೆ ಹಿಡಿದು ನೋಡಿ, "ಇದು ರೊಟ್ಟಿ ಅಲ್ಲವಾ, ಗಜೇಂದ್ರಗಡ ಗುಡ್ಡದ ನಕಾಶಿ" ಅಂದರು. ಓಣಿಯೆಲ್ಲ ನಕ್ಕಿತು. ಇಲ್ಲಿ ಒಬ್ಬರ ಮನೆಯ ರೊಟ್ಟಿ ಹರಿದರೆ ಸಂಜೆಗೆ ಊರಿಗೇ ಸುದ್ದಿ. ಈಗ ನನ್ನ ರೊಟ್ಟಿ ಉಬ್ಬುತ್ತದೆ. ಉಬ್ಬಿದ ದಿನ ಯಾರೂ ಓಣಿಗೆ ಸುದ್ದಿ ಮುಟ್ಟಿಸಲಿಲ್ಲ.

ಆದರೆ ನನ್ನ ತಲೆ ನಿಜವಾಗಿ ಕೆಡಿಸಿದ್ದು ಆ ಪಿಕ್ಚರುಗಳು. ಬಸವರಾಜು ಫೋನಿನಿಂದ ಟಿವಿಗೆ ಹಳೇ ಸಿನಿಮಾ ಹಾಕುವುದನ್ನು ಅವ್ವನಿಗೆ ಕಲಿಸಿಕೊಟ್ಟದ್ದೇ ತಪ್ಪಾಯಿತು. ದಿನಾ ಮಧ್ಯಾಹ್ನ ಒಂದು. ಹಳೇ ಸಿನಿಮಾ ಅಂದರೆ ಅಪ್ಪಟ ಚಿನ್ನ ಅಂತ ಹಾಡಿ ಹೊಗಳುವವರನ್ನು ಕರೆದು ನಮ್ಮ ಪಡಸಾಲಿಯಲ್ಲಿ ಒಂದು ತಿಂಗಳು ಕೂರಿಸಬೇಕು. ಗಂಡ ಕುಡಿಯುತ್ತಾನೆ, ಹೆಂಡತಿ ದೀಪ ಹಚ್ಚುತ್ತಾಳೆ. ಗಂಡ ಇನ್ನೊಬ್ಬಳನ್ನು ಕರೆತರುತ್ತಾನೆ, ಹೆಂಡತಿ ಅವಳಿಗೂ ಬಡಿಸುತ್ತಾಳೆ. ಓದಿದವಳು, ಎದುರು ಮಾತಾಡುವವಳು ಬಂದರೆ ಅವಳೇ ಖಳನಾಯಕಿ. ಅವಳ ಕೆನ್ನೆಗೆ ಒಂದು ಬೀಳಬೇಕು, ಆಗ ಓಣಿಗೆಲ್ಲ ಸಮಾಧಾನ, ಎಲ್ಲರೂ ಚಹಾಕ್ಕೆ ಏಳುತ್ತಾರೆ.

ಹೊಸ ಸಿನಿಮಾ ಬೇರೆಯೇ ಅಂದುಕೊಳ್ಳಬೇಡಿ. ಅದು ನನ್ನ ಗಂಡನ ಫೋನಿನಲ್ಲಿ ನಡೆಯುತ್ತದೆ. ನಾಯಕ ಬೀಡಿ ಹಚ್ಚುವುದಕ್ಕೇ ಕಾಲು ಗಂಟೆ. ಹೆಸರು ಹೇಳುವ ಮುಂಚೆ ಹತ್ತಾರು ಹೆಣ. ನಾಯಕಿ ಎರಡು ಹಾಡಿಗೆ ಬಂದು ಹೋಗುತ್ತಾಳೆ, ಅಳುವುದಕ್ಕೂ ಅವಳಿಗೆ ಪುರಸೊತ್ತು ಕೊಡುವುದಿಲ್ಲ. ಒಮ್ಮೆ ಅತ್ತೆ ಬಗ್ಗಿ ನೋಡಿ, "ನಮ್ಮ ಮಾತು ಆಡಾವ ಒಬ್ಬನ ಬಂದಿದ್ದ, ಅವನ್ನೂ ಬಡದ ಒಗದ್ರಲ್ಲೋ ಬಸೂ!" ಅಂದರು. ಆ ಒಂದು ಸಲ ನಾನೂ ಅವರೂ ಒಟ್ಟಿಗೆ ನಕ್ಕೆವು. ಹಳೆಯದರಲ್ಲಿ ಕಡೇಪಕ್ಷ ಒಂದು ಮುಖವನ್ನು ಕಣ್ಣು ತುಂಬ ನೋಡುವಷ್ಟು ಹೊತ್ತು ತೋರಿಸುತ್ತಿದ್ದರು, ಮಾತು ಕಿವಿಗೆ ಕೇಳುತ್ತಿತ್ತು. ಅಷ್ಟು ಒಪ್ಪುತ್ತೇನೆ. ಅದಕ್ಕಿಂತ ಹೆಚ್ಚು ಒಪ್ಪಲಾರೆ.

ನನ್ನ ನಾದಿನಿ ಕಸ್ತೂರಿ ಪಂಚಮಿ ಹಬ್ಬಕ್ಕೆ ಬಂದಳು. ಶ್ರಾವಣದ ಪಂಚಮಿಗೆ ಇಲ್ಲಿ ಹೆಣ್ಣುಮಕ್ಕಳು ತವರಿಗೆ ಬಂದು ಉಂಡೆ ತಿಂದು ಜೋಕಾಲಿ ಆಡಿ ಹೋಗುವುದು ರೂಢಿ. ಅವಳನ್ನು ಕೊಟ್ಟದ್ದು ಕೊಣ್ಣೂರಿನ ಸೇತುವೆ ದಾಟಿದ ಮೇಲೆ ಸಿಗುವ ಒಂದು ಹಳ್ಳಿಗೆ. ಹಬ್ಬ ಮುಗಿಯಿತು, ಉಂಡೆ ಖಾಲಿಯಾಯಿತು, ಅವಳು ಹೋಗಲಿಲ್ಲ. ಕೇಳಿದವರಿಗೆ ಅತ್ತೆ, "ಹೊಳಿ ಬಂದೈತಿ, ಪೂಲ ಮುಳಗೈತಿ, ಹ್ಯಾಂಗ ಕಳಸೂದು?" ಅನ್ನುತ್ತಿದ್ದರು. ಆ ವರ್ಷ ಮಲಪ್ರಭೆ ನಿಜಕ್ಕೂ ತುಂಬಿ ಬಂದಿದ್ದಳು.

ನನಗೆ ಅನುಮಾನ ಬಂದದ್ದು ಊಟದ ಹೊತ್ತಿನಲ್ಲಿ. ಕಟಕ ರೊಟ್ಟಿಯನ್ನು ಕಟಕಟ ಕಡಿಯುವ ಊರಿನ ಹುಡುಗಿ, ಸಾರಿನಲ್ಲಿ ನೆನೆಸಿ ನೆನೆಸಿ, ಎಡಗಡೆ ಮಾತ್ರ ಅಗಿಯುತ್ತಿದ್ದಳು.

"ಹಲ್ಲು ನೋವಾ ಕಸ್ತೂರಿ?"

"ಇಲ್ರಿ ವೈನಿ." ಅಣ್ಣನ ಹೆಂಡತಿಗೆ ಇಲ್ಲಿ ವೈನಿ ಅನ್ನುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಅವಳೇ ಬಾಯಿ ತೆರೆದು ತೋರಿಸಿದಳು. ಬಲಗಡೆ ಎರಡು ದವಡೆ ಹಲ್ಲು ಅರ್ಧಕ್ಕೆ ಮುರಿದಿದ್ದವು. "ಮುಖಾ ಬಾಗಲಕ್ಕ ಬಡದ್ರಿ. ಅವರಿಗೆ ಕುಡದಾಗ ಖಬರ ಇರಂಗಿಲ್ಲ."

ನೇರ ಅಡುಗೆಮನೆಗೆ ಹೋಗಿ ಅತ್ತೆಯನ್ನು ಕೇಳಿದೆ, ಇದು ನಿಮಗೆ ಗೊತ್ತಾ ಅಂತ. ಅವರು ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. "ಗೊತ್ತೈತಿ. ಏನ ಮಾಡ್ಲಿ? ಕೊಟ್ಟ ಹೆಣ್ಣು ಕುಲಕ್ಕ ಹೊರಗ. ಗಂಡ್ಸು ಒಂದಿನ ಸುಧಾರಸ್ತಾನ, ತಾಳಬೇಕು." ಆಮೇಲೆ ಎಂದಿನಂತೆ ತಮ್ಮ ಪಿಕ್ಚರಿನ ಕಥೆ ತೆಗೆದರು.

ಆ ಪಿಕ್ಚರಿನ ಹೆಸರು ನಾನು ಹೇಳುವುದಿಲ್ಲ, ಹೇಳಿದರೆ ಅಭಿಮಾನಿಗಳು ಕೋಲು ತಗೊಂಡು ಬರುತ್ತಾರೆ. ಮನೆ ಇನ್ನೂ ರೋಣಕ್ಕೆ ಬಂದಿರದ ಕಾಲದಲ್ಲಿ, ಅತ್ತೆ ಯಾವಗಲ್ ಹಳ್ಳಿಗೆ ಹೊಸ ಸೊಸೆಯಾಗಿ ಬಂದ ವರ್ಷ, ರೋಣದ ಟಾಕೀಸಿನಲ್ಲಿ ನೋಡಿದ್ದು. ಈ ಮನೆಯಲ್ಲಿ ಅದು ಪಿಕ್ಚರಲ್ಲ, ಪುರಾಣ. "ಅಕಿಗೂ ಗಂಡ ಹಿಂಗ ಬಡೀತಿದ್ದ. ತವರಿಗೆ ಬಂದಾಕಿ ತಿರಗಿ ಹೋಗತಾಳ. ಕಡೀಕ ಅವ ಬಂದು ಕಾಲ ಹಿಡಿತಾನ. ಹಸರ ಸೀರಿ ಉಟಗೊಂಡು, ಎರಡ ಮಕ್ಕಳನ್ನ ಮುಂದ ಬಿಟಗೊಂಡು ಎಷ್ಟ ಚಲೋ ಬಾಳೇವು ಮಾಡತಾಳ!" ಕಪ್ಪು ಬಿಳುಪಿನ ಚಿತ್ರದಲ್ಲಿ ಹಸಿರು ಸೀರೆ ಹೇಗೆ ಕಂಡಿತು ಅಂತ ನಾನು ಆಗ ಕೇಳಬೇಕಿತ್ತು.

ನೀರು ಇಳಿಯಿತು. ಸೇತುವೆ ಮೇಲೆ ಬಸ್ಸು ಓಡಾಡತೊಡಗಿತು, ಬೀಗರ ಫೋನೂ ಬಂತು. ಸೋಮವಾರ ಹಿರಿಯರನ್ನು ಕರೆದುಕೊಂಡು ಬರುತ್ತಾರಂತೆ, ಕಸ್ತೂರಿ ಬಟ್ಟೆ ಕಟ್ಟಿಕೊಂಡು ತಯಾರಿರಬೇಕಂತೆ. ಬಸವರಾಜು, "ನೋಡೋಣ, ಅವ್ವ ಏನಂತಾಳೋ" ಅಂದರು. ಶಾಲೆಯಲ್ಲಿ ನೂರಾರು ಮಕ್ಕಳಿಗೆ ನೀತಿ ಹೇಳುವ ಮೇಷ್ಟ್ರು! ನಾನು ಎರಡು ದಿನ ಅವರ ಜೊತೆ ಮಾತಾಡಲಿಲ್ಲ. ಕಸ್ತೂರಿ ಅಳಲಿಲ್ಲ, ಕೂಗಲಿಲ್ಲ. ಸುಮ್ಮನೆ ಹಿತ್ತಲಲ್ಲಿ ಕೂತು ಇದ್ದ ನಾಲ್ಕು ಸೀರೆ ಒಗೆದಳು.

ಭಾನುವಾರ ಮಧ್ಯಾಹ್ನ ಅತ್ತೆ ಮಗನನ್ನು ಕರೆದು ಆ ಪಿಕ್ಚರನ್ನು ಹುಡುಕಿಸಿದರು. ಮಗಳು ಅದನ್ನೊಮ್ಮೆ ಕಣ್ಣಾರೆ ನೋಡಿದರೆ ಮನಸ್ಸು ಗಟ್ಟಿಯಾಗುತ್ತದಂತೆ. ಓಣಿಯ ಹಿರಿಯ ಹೆಂಗಸರೆಲ್ಲ ಬಂದರು. ಮಗಳನ್ನು ನಡುವೆ ಕೂರಿಸಿಕೊಂಡರು. ನನಗೆ ಆ ಟಿವಿಯನ್ನೇ ಎತ್ತಿ ಬಾವಿಗೆ ಹಾಕಬೇಕು ಅನ್ನಿಸುತ್ತಿತ್ತು.

ಅತ್ತೆ ಹೇಳಿದಂತೆಯೇ ಎಲ್ಲ ನಡೆಯಿತು. ಅವನು ಹೊಡೆದ, ಅವಳು ತವರಿಗೆ ಬಂದಳು, ಬಾವಿಕಟ್ಟೆಯ ಮೇಲೆ ಕೂತು ಒಂದು ಹಾಡು ಹಾಡಿ, ಗಂಟು ತಗೊಂಡು ಗಂಡನ ಊರಿನ ದಾರಿ ಹಿಡಿದಳು. ಹಾಡು ಮುಗಿದದ್ದೇ ಅತ್ತೆ ಸೀರೆ ಕೊಡವಿಕೊಂಡು ಎದ್ದರು. ಅವರೊಬ್ಬರೇ ಅಲ್ಲ, ಒಂದು ಕಾಲಕ್ಕೆ ಯಾವಗಲ್, ರಾಜೂರು ಹಳ್ಳಿಗಳಿಂದ ಬಂದು ಓಣಿ ಸೇರಿದ ಮುದುಕಿಯರೆಲ್ಲ ಒಟ್ಟಿಗೆ ಎದ್ದು ನಿಂತರು.

"ಮುಗೀತ ನೋಡ್ರಿ. ಇನ್ನ ಅವ ಬಂದು ಕಾಲ ಹಿಡಿತಾನ. ಚಹಾ ಇಡತೇನಿ."

"ಎಲ್ಲಿ ಮುಗೀತು ಅತ್ತೆ? ಇನ್ನೂ ಅರ್ಧ ಗಂಟೆ ಇದೆಯಲ್ಲ!"

ಅತ್ತೆ ನನ್ನನ್ನು ದಡ್ಡಿಯನ್ನು ನೋಡಿದಂತೆ ನೋಡಿದರು. "ಇದ್ದರ ಇರವಲ್ದ್ಯಾಕ. ಯಾವಗಲ್ಲಿಗೆ ಕಡೀ ಬಸ್ಸು ಈ ಹೊತ್ತಿಗ ಇತ್ತವಾ. ಕಂಡಕ್ಟರ ಟಾಕೀಜ ಬಾಗಲಕ್ಕ ಬಂದು ಒದರತಿದ್ದ. ಅದು ತಪ್ಪಿದ್ರ ಮುಂಜಾನಿತನಕ ಬಸ್ಸಿಲ್ಲ."

"ಮತ್ತೆ ಕೊನೆ ಯಾರು ನೋಡಿದ್ದು?"

"ಅದೇನ ನೋಡೂದೈತಿ? ಬಸ್ಸಿನ್ಯಾಗ ಕುಂತು ನಾವ ಮುಗಸ್ತಿದ್ವಿ" ಅಂದರು ರಾಜೂರಿನ ಅಜ್ಜಿ. "ಹಿಂಗಾತು, ಹಂಗಾತು ಅಂತ ಎಲ್ಲಾರೂ ಹೇಳೂದು. ಯಾರದು ಚಲೋ ಅನಸ್ತತೋ ಅದ ಖರೆ."

ಈ ಸೀಮೆಯ ಒಂದಿಡೀ ತಲೆಮಾರು ಯಾವ ಪಿಕ್ಚರಿನ ಕೊನೆಯನ್ನೂ ನೋಡಿಲ್ಲ. ಹಸಿರು ಸೀರೆ, ಎರಡು ಮಕ್ಕಳು, ಕಾಲು ಹಿಡಿದ ಗಂಡ, ಎಲ್ಲ ಬಸ್ಸಿನಲ್ಲಿ ಹುಟ್ಟಿದ್ದು. ಅದನ್ನು ನಂಬಿಕೊಂಡು ಇವರು ಎಷ್ಟು ಹೆಣ್ಣುಮಕ್ಕಳನ್ನು ತಿರುಗಿ ಕಳಿಸಿದರೋ ಶಿವನೇ ಬಲ್ಲ. "ಕೂತ್ಕೊಳ್ಳಿ ಅತ್ತೆ. ಇವತ್ತು ಯಾವ ಬಸ್ಸೂ ಇಲ್ಲ" ಅಂದೆ. ದನಿ ಜೋರಾಗಿಯೇ ಬಂತು. ಅವರಿಗೆ ಸಿಟ್ಟು ಬಂತು, ಆದರೂ ಕೂತರು.

ಅವಳು ಗಂಡನ ಮನೆಯ ಬಾಗಿಲು ಬಡಿದಳು. ಅವನು ಕುಡಿದು ಬಂದು ತಳ್ಳಿದ. ಮೆಟ್ಟಿಲ ಕಲ್ಲಿಗೆ ತಲೆ ಒಡೆಯಿತು. ಅವನ ತೊಡೆಯ ಮೇಲೆ ತಲೆಯಿಟ್ಟು, ಅವನ ಪಾದದ ಧೂಳು ಕೇಳಿ ಹಣೆಗೆ ಹಚ್ಚಿಕೊಂಡು ಪ್ರಾಣ ಬಿಟ್ಟಳು. ಅವನು ಅವಳ ಫೋಟೋಕ್ಕೆ ಹಾರ ಹಾಕಿ ಕೈಮುಗಿದ. ಊರಿನವರೆಲ್ಲ ದೇವತೆ ಅಂದರು. ಶುಭಂ.

ಯಾರೂ ಅಳಲಿಲ್ಲ. ಆ ಪಡಸಾಲಿಯಲ್ಲಿ ಮೊದಲ ಸಲ ಒಂದು ಪಿಕ್ಚರು ಒಣಗಣ್ಣಿನಲ್ಲಿ ಮುಗಿಯಿತು.

"ಅವ್ವಾ, ಅಕಿ ಸತ್ಲು" ಅಂದಳು ಕಸ್ತೂರಿ.

"ಇದು ಆ ಪಿಕ್ಚರಲ್ಲ" ಅಂದರು ಅತ್ತೆ. "ಇವ್ರು ಏನೋ ಕಲಬೆರಕಿ ಮಾಡ್ಯಾರ." ನನ್ನ ಕಡೆ ತಿರುಗಿ, "ನಿನಗ ಈಗ ಸಮಾಧಾನ ಆತಿಲ್ಲೋ?" ಅಂದು ಒಳಗೆ ಹೋದರು. ಚಹಾ ಇಡಲಿಲ್ಲ. ರಾತ್ರಿ ಊಟವನ್ನೂ ಮಾಡಲಿಲ್ಲ.

ಸೋಮವಾರ ಬೀಗರು ಬಂದರು. ಕಸ್ತೂರಿಯ ಗಂಡ ಹೊಸ ಅಂಗಿ ಹಾಕಿಕೊಂಡು, ತಲೆ ತಗ್ಗಿಸಿ, ಫೋನು ನೋಡುತ್ತ ಕೂತಿದ್ದ. ಅವನ ಕಾಕಾ ಗಂಟಲು ಸರಿಮಾಡಿಕೊಂಡು ಶುರು ಮಾಡಿದರು: "ನೋಡ್ರಿ ನೀಲವ್ವಾರ, ಗಂಡ ಹೆಂಡ್ತಿ ಜಗಳ ಉಂಡು ಮಲಗೋ ತನಕ. ಹೆಣ್ಮಗಳು ಒಂದೀಟ ತಾಳಬೇಕು. ತಾಳಿದಾಕಿ ಬಾಳ್ಯಾಳು. ಇವತ್ತಲ್ಲ ನಾಳೆ ಹುಡುಗ ಸುಧಾರಸ್ತಾನ."

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಇಲ್ಲಿ ಹಿರಿಯರು ಕೂತಾಗ ಹೆಂಗಸರು ಪಡಸಾಲಿಗೆ ಬರುವುದಿಲ್ಲ. ಅತ್ತೆ ಹೊಸ್ತಿಲು ದಾಟಿ ಬಂದರು.

"ಬೀಗರ, ಸುಧಾರಿಸಿದ್ದನ್ನ ನೀವು ಕಣ್ಣಾರೆ ನೋಡೀರೇನ್ರಿ?"

"ಅಂದ್ರ?"

"ಒಬ್ಬ ಗಂಡ್ಸು ಬಡ್ಯೂದು ಬಿಟ್ಟು, ಹೆಂಡ್ತಿ ಜೋಡಿ ಚಲೋತನ್ಯಾಗ ಬಾಳೇವು ಮಾಡಿದ್ದನ್ನ ನೋಡೀರೇನು? ನಾ ನೋಡಿಲ್ಲ. ನೋಡೇನಿ ಅಂತ ತಿಳಕೊಂಡಿದ್ದೆ." ಅವರು ಫೋನು ನೋಡುತ್ತ ಕೂತಿದ್ದ ಅಳಿಯನ ಕಡೆ ತಿರುಗಿದರು. "ಫೋಟೋಕ್ಕ ಹಾರ ಹಾಕ್ಸಾಕ ನಾ ಮಗಳನ್ನ ಹಡದಿಲ್ರಿ. ಅಕಿ ಇಲ್ಲೇ ಇರತಾಳ. ಚಹಾ ಕುಡದ ಹೋಗ್ರಿ."

ಬೀಗರು ಎದ್ದೇ ಹೋದರು. ಬಸವರಾಜು ಆಗ ಮಾತ್ರ ಬಾಯಿಬಿಟ್ಟು, "ಅವ್ವ ಹೇಳಿದ್ದ ಖರೆ" ಅಂದರು. ಮರುವಾರ ತಂಗಿಯನ್ನು ನರಗುಂದದ ಹಲ್ಲಿನ ದವಾಖಾನೆಗೆ ಅವರೇ ಕರೆದುಕೊಂಡು ಹೋದರು. ಎಲ್ಲ ಸುಖವಾಯಿತು ಅಂತ ಬರೆಯಲಾರೆ. ಓಣಿಯಲ್ಲಿ "ಬಿಟ್ಟು ಬಂದಾಳ" ಅಂತ ಪಿಸುಗುಟ್ಟುತ್ತಾರೆ. ಅತ್ತೆ ಹಳೇ ಪಿಕ್ಚರು ನೋಡುವುದನ್ನೇ ಬಿಟ್ಟಿದ್ದಾರೆ, ಅದಕ್ಕೂ ನಾನೇ ಕಾರಣವಂತೆ. "ನನ್ನ ಪಿಕ್ಚರ್ ಕೆಡಿಸಿದಾಕಿ" ಅಂತ ಬಂದವರಿಗೆಲ್ಲ ನನ್ನನ್ನು ಪರಿಚಯ ಮಾಡಿಸುತ್ತಾರೆ.

ಇಷ್ಟನ್ನೂ ನಾನು ಹಿಗ್ಗಿನಿಂದ ನಂಜನಗೂಡಿಗೆ, ನಮ್ಮಮ್ಮನಿಗೆ ಫೋನ್ ಮಾಡಿ ಹೇಳಿದೆ. ಪಿಕ್ಚರಿನ ಹೆಸರು ಕೇಳಿದ ತಕ್ಷಣ ಅಮ್ಮ ಹುರುಪಾದಳು. "ಅಯ್ಯೋ, ಅದನ್ನ ನಿಮ್ಮಪ್ಪನ ಜೊತೆ ಮೈಸೂರಲ್ಲಿ ಎರಡು ಸಲ ನೋಡಿದೀನಿ ಕಣೇ!"

"ಕೊನೇವರೆಗೂ ನೋಡಿದ್ಯಾ?"

"ಕೊನೇವರೆಗೂ ನೋಡದೆ ಎದ್ದು ಬರೋರುಂಟಾ? ಎಂಥ ಸಾವು! ಗಂಡನ ತೊಡೆ ಮೇಲೆ ತಲೆಯಿಟ್ಟು ಮುತ್ತೈದೆಯಾಗಿ ಹೋದಳು. ಪುಣ್ಯವಂತೆ." ಆಮೇಲೆ ದನಿ ತಗ್ಗಿಸಿ, "ಆ ಹುಡುಗೀನ ಕಳಿಸಬೇಕಿತ್ತು ಕಣೇ. ಎಷ್ಟು ದಿನಾಂತ ತವರಲ್ಲಿ ಇಟ್ಕೋತಾರೆ?" ಅಂದಳು.

"ಅವಳ ಜಾಗದಲ್ಲಿ ನಾನಿದ್ದಿದ್ರೆ, ಅಮ್ಮ?"

"ಥೂ, ಬಿಡ್ತು ಅನ್ನು."

"ಇದ್ದಿದ್ರೆ?"

ಅಮ್ಮ, "ಅದೆಲ್ಲ ಯಾಕೀಗ? ಊರಿಗೆ ಯಾವಾಗ ಬರ್ತೀಯಾ, ಅದು ಹೇಳು" ಅಂದಳು.

ಬರುತ್ತೇನೆ. ಹಬ್ಬಕ್ಕೆ ಬರುತ್ತೇನೆ, ನಿಮ್ಮ ಕಾಫಿ ಕುಡಿಯುತ್ತೇನೆ, ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂರುತ್ತೇನೆ. ಆ ನೀರಿನ ಆಸೆ ನನಗೆ ಸಾಯುವವರೆಗೂ ಹೋಗುವುದಿಲ್ಲ. ಈ ಊರಿನ ಬಿಸಿಲು, ಮಣ್ಣು, ಮಾತು ಯಾವುದೂ ನನಗೆ ಇನ್ನೂ ಸೇರಿಲ್ಲ, ಸೇರುವ ಲಕ್ಷಣವೂ ಕಾಣೆ. ನಮ್ಮತ್ತೆ ತಿಳಿಯದೆ ತಪ್ಪು ಹೇಳುತ್ತಿದ್ದರು, ತಿಳಿದ ಮಾರನೇ ದಿನ ಹೊಸ್ತಿಲು ದಾಟಿ ಬಂದು ನಿಂತರು. ನನ್ನ ಜನವೇ, ನೀವು ಕೊನೆಯನ್ನು ನೋಡಿದ್ದೀರಿ, ಅವಳು ಸಾಯುವುದನ್ನು ಕೂತು ಕಣ್ಣಾರೆ ನೋಡಿದ್ದೀರಿ, ನೋಡಿಯೂ ಹೋಗು ಅನ್ನುತ್ತೀರಿ. ಹಾಗಾಗಿ ಹೇಳಿಬಿಡುತ್ತೇನೆ: ನಾಳೆ ನನ್ನ ಮೇಲೆ ಯಾರಾದರೂ ಕೈ ಮಾಡಿದರೆ, ಅದು ಈ ಮನೆಯ ಮಗನೇ ಆಗಿದ್ದರೂ, ನಾನು ನಂಜನಗೂಡಿನ ಬಸ್ಸು ಹತ್ತುವುದಿಲ್ಲ. ಅಡುಗೆಮನೆಗೆ ಹೋಗಿ ನೀಲವ್ವನ ಪಕ್ಕ ನಿಲ್ಲುತ್ತೇನೆ.