ಸಾಕಾಗಿದೆ ಎಂಬ ಮಾತಿನ ತೂಕ

ಬಸ್ ಡಿಪೋದಲ್ಲಿ ಅವಳಿಗೆ ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ತಕ್ಕಡಿ ಎನ್ನುತ್ತಿದ್ದರು. ಸ್ಟೀರಿಂಗ್ ಹಿಡಿಯುವವರ ಮನಸ್ಸು ನೆಟ್ಟಗಿದೆಯೋ ಇಲ್ಲವೋ ಎಂದು ವರ್ಷಕ್ಕೊಮ್ಮೆ ಹಾಳೆಯಲ್ಲಿ ಪ್ರಶ್ನೆ ಕೇಳಿ ಅಂಕ ಹಾಕುವುದು ಅವಳ ಕೆಲಸ. ಅಂಕ ಹೆಚ್ಚಿದಷ್ಟೂ ಮನಸ್ಸಿನ ಭಾರ ಹೆಚ್ಚು. ಗೆರೆ ದಾಟಿದರೆ ಮುಗಿಯಿತು, ಡಾಕ್ಟರು ಸರಿ ಎನ್ನುವ ತನಕ ಬಸ್ ಮುಟ್ಟುವ ಹಾಗಿಲ್ಲ. ಟೈರ್ ಗೋದಾಮಿನ ಪಕ್ಕದ ಕೋಣೆ ಅವಳದು, ಅಲ್ಲಿನ ರಬ್ಬರ್ ವಾಸನೆ ಬಟ್ಟೆಗೆ ಹತ್ತಿ ಮನೆಗೂ ಬರುತ್ತಿತ್ತು.

ಮನೆಯೆಂದರೆ ಅವಳು ಮತ್ತು ಅಣ್ಣ. ಅವನೂ ಅದೇ ಡಿಪೋದ ಡ್ರೈವರು. ಅಪ್ಪ ಹೋದ ಮೇಲೆ ತಾನು ಓದು ಬಿಟ್ಟು ತಂಗಿಯನ್ನು ಓದಿಸಿದವನು. ರಸ್ತೆಯಲ್ಲಿ ಒಂದು ನಾಯಿಮರಿಗೂ ಗಾಯ ಮಾಡಿದವನಲ್ಲ, ಮನೆಯಲ್ಲಿ ಒಂದು ಮಾತನ್ನೂ ಗಟ್ಟಿಯಾಗಿ ಆಡಿದವನಲ್ಲ. ಬಸ್ ಬಿಟ್ಟರೆ ಅವನಿಗೆ ಬೇರೆ ಪ್ರಪಂಚವೇ ಇರಲಿಲ್ಲ.

ಆ ವರ್ಷ ಕೆಲವು ಹೆಂಗಸು ಕಂಡಕ್ಟರುಗಳು ಡ್ರೈವರ್ ಆಗಲು ಅರ್ಜಿ ಹಾಕಿದ್ದರು. ಲೈಸೆನ್ಸ್ ಇತ್ತು. ಗೇಟಿನೊಳಗೆ ಬಸ್ಸನ್ನು ರಿವರ್ಸ್ ತಂದು ಕೂದಲೆಳೆಯಷ್ಟೂ ತಾಗಿಸದೆ ನಿಲ್ಲಿಸಿಯೂ ತೋರಿಸಿದ್ದರು. ತಕ್ಕಡಿಯ ಪರೀಕ್ಷೆಯಲ್ಲಿ ಮಾತ್ರ ಹೆಚ್ಚಿನವರು ಗೆರೆಯ ಆಚೆ ಹೋಗಿ ಕುಳಿತರು. ಮ್ಯಾನೇಜರ್‌ಗೆ ಬೇಕಾದದ್ದೂ ಅಷ್ಟೇ.

“ನಾನು ಹೇಳ್ತಿಲ್ಲಮ್ಮ, ನಿಮ್ಮ ಅಂಕಗಳೇ ಹೇಳ್ತಿವೆ. ಹೆಂಗಸರ ಮನಸ್ಸು ಮೆತ್ತಗೆ. ನಾಳೆ ಏನಾದ್ರೂ ಆದ್ರೆ ಯಾರು ತಲೆ ಕೊಡೋದು?”

ಅವಳಿಗೆ ಮೈಯೆಲ್ಲ ಉರಿಯಿತು. ಆದರೆ ಉರಿದರೆ ಲೆಕ್ಕ ಬದಲಾಗುತ್ತದೆಯೇ? ಸ್ವಲ್ಪ ಕಾಲಾವಕಾಶ ಕೇಳಿ ಕೋಣೆಗೆ ಬಂದಳು. ನಿದ್ದೆ, ಹಸಿವು, ಸಿಟ್ಟು, ಮರೆವು, ಇವಕ್ಕೆಲ್ಲ ಒಂದೇ ಥರ ಉತ್ತರ ಕೊಟ್ಟ ಒಬ್ಬ ಗಂಡಸು, ಒಬ್ಬ ಹೆಂಗಸು, ಹೀಗೆ ಜೋಡಿ ಮಾಡಿ ಹಾಳೆಗಳನ್ನು ಅಕ್ಕಪಕ್ಕ ಇಟ್ಟಳು. ಜೋಡಿಗಳೆಲ್ಲ ಒಂದೇ ಒಂದು ಪ್ರಶ್ನೆಯಲ್ಲಿ ಬೇರೆಯಾಗುತ್ತಿದ್ದವು: “ಬದುಕು ಸಾಕಾಗಿದೆ ಎನ್ನಿಸುತ್ತದೆಯೇ?” ಹೆಂಗಸರು “ಹೌದು, ಆಗಾಗ.” ಗಂಡಸರು “ಎಂದೂ ಇಲ್ಲ.” ಅಂಕ ಹೆಚ್ಚು ಬೀಳುತ್ತಿದ್ದದ್ದೂ ಅದಕ್ಕೇ.

ಅವಳು ಕಂಡಕ್ಟರುಗಳ ವಿಶ್ರಾಂತಿ ಕೋಣೆಗೆ ಹೋಗಿ ಕುಳಿತಳು. ಆಗಲೇ ಡ್ಯೂಟಿ ಮುಗಿಸಿ ಒಬ್ಬಳು ಒಳಗೆ ಬಂದಳು. ಅವಳು ಸೀಟಿ ಊದಿದರೆ ಮೂರು ಬೀದಿಗೆ ಕೇಳುತ್ತಿತ್ತು, ಹಾಗಾಗಿ ಹೆಸರೇ ಸೀಟಿ. ಬ್ಯಾಗನ್ನು ಬೆಂಚಿನ ಮೇಲೆ ಎಸೆದು, ಚಪ್ಪಲಿ ಒದರಿ, “ಅಬ್ಬಬ್ಬಾ, ಈ ಬಾಳು ಸಾಕಾಗ್ಹೋಯ್ತು!” ಎಂದಳು. ಅದೇ ಉಸಿರಿನಲ್ಲಿ, “ಟೀ ಇದೆಯೋ, ಎಲ್ಲಾ ನೀವೇ ಕುಡಿದ್ರೋ?” ಎಂದಳು.

“ದಿನಕ್ಕೆಷ್ಟು ಸಲ ಹೇಳ್ತೀರಿ ಅದನ್ನ?” ತಕ್ಕಡಿ ಕೇಳಿದಳು.

“ಯಾವುದನ್ನ?” ಸೀಟಿಗೆ ತಾನು ಹೇಳಿದ್ದೇ ನೆನಪಿರಲಿಲ್ಲ. “ಓ ಅದಾ! ಅದು ಉಸಿರು ಬಿಟ್ಟ ಹಾಗೆ ಮೇಡಂ. ಅಷ್ಟೂ ಅನ್ನದೆ ಇದ್ರೆ ಎದೆ ಒಡೆದು ಸಾಯ್ತೀವಿ ಅಷ್ಟೇ.”

“ಗಂಡಸರೂ ಅಂತಾರಾ?”

“ಅಯ್ಯೋ, ಗಂಡಸು ಹಾಗಂದ್ರೆ ಮನೆಯವರು ಮೊದಲು ಹಗ್ಗ ಬಚ್ಚಿಡ್ತಾರೆ!” ಎಲ್ಲರೂ ನಕ್ಕರು. ತಕ್ಕಡಿಯೂ ನಕ್ಕಳು.

ಮಾತು ಒಂದೇ, ತೂಕ ಎರಡು. ಎರಡು ಬೇರೆ ಬೇರೆ ಕಲ್ಲಿನಲ್ಲಿ ತೂಗಿ ಇವರಿಗಿಂತ ಅವರು ಭಾರ ಎಂದರೆ ಅದು ನ್ಯಾಯವೇ? ಅವಳು ಆ ಪ್ರಶ್ನೆಯನ್ನು ತೆಗೆದುಹಾಕಿದಳು. ಒಂದು ಪ್ರಶ್ನೆ ಕಡಿಮೆಯಾದ ಮೇಲೆ ಗೆರೆಯನ್ನೂ ಅದಕ್ಕೆ ತಕ್ಕಂತೆ ಸ್ವಲ್ಪ ಕೆಳಗಿಳಿಸಬೇಕಲ್ಲ, ಇಳಿಸಿದಳು. ಹೆಂಗಸರ ಅಂಕ ಅದಕ್ಕಿಂತ ಹೆಚ್ಚು ಇಳಿದು ಗೆರೆಗಿಂತ ಕೆಳಗೆ ಜಾರಿತು. ಗಂಡಸರು ಆ ಪ್ರಶ್ನೆಗೆ ಅಂಕವನ್ನೇ ಪಡೆದಿರಲಿಲ್ಲ, ಇಳಿಯಲು ಏನಿದೆ? ಇಷ್ಟು ದಿನ ಗೆರೆಯ ಅಂಚಿನಲ್ಲೇ ನಿಂತಿದ್ದ ಕೆಲವರು ಈಗ ಆಚೆ ಬಿದ್ದರು.

ಹಾಳೆಗಳ ಮೇಲೆ ಹೆಸರಿರುವುದಿಲ್ಲ, ಬಿಲ್ಲೆಯ ಸಂಖ್ಯೆ ಮಾತ್ರ. ಆಚೆ ಬಿದ್ದವುಗಳಲ್ಲಿ ಒಂದು ಸಂಖ್ಯೆ ಅವಳಿಗೆ ಬಾಯಿಪಾಠ. ಚಿಕ್ಕವಳಿದ್ದಾಗ ದಿನಾ ಬೆಳಿಗ್ಗೆ ಅಣ್ಣನ ಅಂಗಿಗೆ ಆ ಬಿಲ್ಲೆ ಚುಚ್ಚಿ ಕಳಿಸುತ್ತಿದ್ದವಳು ಅವಳೇ.

ಕೋಲು ಕೊಟ್ಟು ಹೊಡೆಸಿಕೊಂಡರು ಎನ್ನುತ್ತಾರಲ್ಲ, ಹಾಗಾಯಿತು. ಗೆರೆಯನ್ನು ಹಳೆಯ ಜಾಗದಲ್ಲೇ ಬಿಟ್ಟರೂ ನಡೆಯುತ್ತಿತ್ತು. ಹೆಂಗಸರೂ ಪಾಸು, ಅಣ್ಣನೂ ಪಾಸು, ಹಾವೂ ಸಾಯದು, ಕೋಲೂ ಮುರಿಯದು. ಮ್ಯಾನೇಜರ್‌ಗೆ ಈ ಸೂಕ್ಷ್ಮವೆಲ್ಲ ಎಲ್ಲಿ ತಿಳಿಯಬೇಕು? ಬಸ್ ಕಿತ್ತುಕೊಂಡರೆ ಅಣ್ಣ ಬೆಳಿಗ್ಗೆ ಎದ್ದು ಏನು ಮಾಡುತ್ತಾನೆ? ತುಂಬಾ ಹೊತ್ತು ಪೆನ್ನು ಹಿಡಿದು ಕುಳಿತಿದ್ದು, ಕೊನೆಗೆ ಇಳಿಸಿದ ಗೆರೆಗೇ ಸಹಿ ಹಾಕಿದಳು.

ಮನೆಗೆ ಬಂದಾಗ ಅಣ್ಣ ಬಾಗಿಲ ಬಳಿ ಬೆಂಚಿನ ಮೇಲೆ ಕುಳಿತು ಶೂ ಒರೆಸುತ್ತಿದ್ದ. ಬೇರೆ ಯಾರ ಬಾಯಿಂದಲೂ ಅವನು ಕೇಳಬಾರದು ಎಂದು ಅವಳು ಚೀಲವನ್ನೂ ಕೆಳಗಿಡದೆ ಹೇಳಿಬಿಟ್ಟಳು.

“ಅಣ್ಣ, ನಾಳೆಯಿಂದ ನಿನಗೆ ಬಸ್ ಕೊಡಲ್ಲ. ಗೆರೆ ಇಳಿಸಿದೀನಿ, ನೀನು ಆಚೆ ಬಿದ್ದಿದೀಯ. ಡಾಕ್ಟರನ್ನ ನೋಡಬೇಕು.”

“ನನ್ನ ಹಾಳೆ ಅಂತ ಗೊತ್ತಿದ್ದೂ ಮಾಡಿದ್ಯಾ?”

“ಗೊತ್ತಿದ್ದೂ.”

ಬೈಯುತ್ತಾನೆ ಎಂದುಕೊಂಡಳು. ಬೈದಿದ್ದರೆ ಎಷ್ಟೋ ವಾಸಿ. ಅವನು ಬಟ್ಟೆ ಮಡಚಿ ಶೂ ಒಳಗಿಟ್ಟ.

“ಜನ ತುಂಬಿದ್ರೆ ಏನೂ ಅನ್ಸಲ್ಲ ನೋಡು,” ಎಂದ. “ಅಷ್ಟು ಜನರನ್ನ ಮನೆ ಮುಟ್ಟಿಸಬೇಕಲ್ಲ. ಎಲ್ಲರೂ ಇಳಿದ ಮೇಲೆ ಖಾಲಿ ಬಸ್ ತರ್ತೀನಲ್ಲ, ಆ ಸೇತುವೆ ಹತ್ರ ಬಂದಾಗ... ಕಂಡಕ್ಟರನ್ನ ಮುಂದೆ ಬಂದು ಕೂತ್ಕೋ ಅಂತೀನಿ. ಸುಮ್ನೆ, ಮಾತಾಡೋಕೆ ಅಂತ.”

“ಯಾರಿಗೂ ಯಾಕೆ ಹೇಳಲಿಲ್ಲ?”

“ಯಾರೂ ಕೇಳಲಿಲ್ಲ.”

ವರ್ಷ ವರ್ಷವೂ ಅವನನ್ನು ಕೇಳುತ್ತಿದ್ದವಳು ಅವಳೇ, ಅವನ ಬಾಯಿಗೆ ಬಾರದ ಮಾತಿನಲ್ಲಿ ಕೇಳುತ್ತಿದ್ದಳು. ಚೀಲವನ್ನು ನೆಲಕ್ಕಿಟ್ಟು ಅವನ ಪಕ್ಕ ಬೆಂಚಿನ ಮೇಲೆ ಕುಳಿತಳು.

“ಸೇತುವೆ ಹತ್ರ ಬಂದಾಗ ಏನಾಗತ್ತೆ, ಹೇಳಣ್ಣ,” ಎಂದಳು.