ಬೀಗದ ಮಾಮನ ದೀರ್ಘ ಪ್ರಾರ್ಥನೆ

ಊರವರ ಬೀಗಗಳನ್ನೆಲ್ಲ ತೆರೆದುಕೊಡುವ ಬೀಗದ ಮಾಮ ಆ ಭಾನುವಾರ ಚರ್ಚಿನ ಶೌಚಾಲಯದಲ್ಲಿ ಸಿಕ್ಕಿಹಾಕಿಕೊಂಡ. ಅದೂ ಎಂಥ ಹೊತ್ತಿನಲ್ಲಿ? ಫಾದರ್ ಪ್ರಬೋಧನೆ ಶುರುಮಾಡಿ, ಸಭೆ ಆಕಳಿಕೆ ನುಂಗತೊಡಗಿದ್ದ ಹೊತ್ತಿನಲ್ಲಿ. ಅದೂ ಎಂಥ ಚಿಲಕ? ಹಿಂದಿನ ವಾರ ತಾನೇ ಕೂರಿಸಿ, “ನಮ್ಮಿಬ್ಬರ ಕಾಲ ಮುಗಿದ್ರೂ ಇದು ಅಲುಗಲ್ಲ ಫಾದರ್” ಎಂದು ಬೀಗಿದ್ದ ಚಿಲಕ. ಅದು ಕೊಟ್ಟ ಮಾತಿಗೆ ತಪ್ಪಲಿಲ್ಲ. ಅಲುಗಲೇ ಇಲ್ಲ.

ಕೂಗಿದರೆ ಮಾನ ಹೋಗುತ್ತದೆ, ಕೂಗದಿದ್ದರೆ ಊಟ ಹೋಗುತ್ತದೆ. ಮಾಮ ಬಕೆಟ್ಟನ್ನು ಬೋರಲು ಹಾಕಿ ಹತ್ತಿ, ಗಾಳಿಕಿಂಡಿಯಲ್ಲಿ ತೂರಿಕೊಂಡ. ತಲೆ ಸಲೀಸಾಗಿ ಹೊರಟಿತು. ಹೊಟ್ಟೆ ಬಹಳ ಹೊತ್ತು ಮೊಂಡು ಹಿಡಿದು, ಕೊನೆಗೆ ಒಮ್ಮೆಲೇ ಒಪ್ಪಿಕೊಂಡಿತು. ಮಾಮ ಹೊರಗಿನ ಹೂಕುಂಡದ ಮೇಲೆ ಬಲಮಂಡಿಯೂರಿ ಇಳಿದ. ಕುಂಡ ಒಡೆದ ಸದ್ದಿಗೆ ಫಾದರ್ ಮಾತು ನಿಲ್ಲಿಸಿದರು, ಸಭೆ ಎಚ್ಚರಗೊಂಡಿತು. ಮಾಮನ ಮಗಳ ಮದುವೆಯಾದ ಮೇಲೆ ಮೊದಲ ಸಲ ಈ ಚರ್ಚಿಗೆ ಬಂದಿದ್ದ ಬೀಗಿತ್ತಿ ಕಿಟಕಿಯ ಪಕ್ಕದಲ್ಲೇ ಕೂತಿದ್ದಳು. ಎಂಥ ಬೀಗದ ಬಾಯನ್ನೂ ಬಿಡಿಸಬಲ್ಲ ಮಾಮನಿಗೆ ಬೀಗಿತ್ತಿಯ ಬಾಯಿ ಮುಚ್ಚಿಸುವ ವಿದ್ಯೆ ಮಾತ್ರ ಬರುತ್ತಿರಲಿಲ್ಲ.

ಮನೆಯಲ್ಲಿ ಹೆಂಡತಿ ಊದಿದ ಮಂಡಿಗೆ ಎಣ್ಣೆ ತಿಕ್ಕುತ್ತಾ, “ರೀ, ಪರಲೋಕದ ಬಾಗಿಲಿಗೆ ಈಗಲೇ ಒಂದು ಡೂಪ್ಲಿಕೇಟ್ ಕೀ ಮಾಡಿಟ್ಕೊಳ್ಳಿ. ಅಲ್ಲೂ ಕಿಂಡೀಲಿ ತೂರ್ಕೊಂಡು ಹೋದ್ರೆ ನಾನು ಪಕ್ಕದಲ್ಲಿ ನಿಲ್ಲಲ್ಲ” ಅಂದಳು.

ಹೆಂಡತಿಯ ಮಾತಿಗೆ ಆ ಮನೆಯಲ್ಲಿ ತೂಕ ಜಾಸ್ತಿ. ಅವನ ಕಸುಬಿನ ಒಂದೇ ಒಂದು ಕಟ್ಟಳೆಯೂ ಅವಳದ್ದೇ. ಬೀಗ ತೆಗೆಯುವವನಿಗೆ ದಿನಾ ಒಂದೇ ಪೇಚು: ಕರೆದವನ ಮನೆಯೋ, ಕಳ್ಳನ ಕಣ್ಣು ಬಿದ್ದ ಮನೆಯೋ? ಹೊಸದರಲ್ಲಿ ಮಾಮ ಇದನ್ನು ಹೇಳಿಕೊಂಡು ಕೊರಗಿದಾಗ ಅವಳು ಹೇಳಿದ್ದಳು: “ಒಳಗೆ ಕುರ್ಚಿ ಮೇಲೆ ಯೇಸುಸ್ವಾಮಿ ಕೂತಿದ್ದಾರೆ ಅಂದ್ಕೊಳ್ಳಿ. ಬಾಗಿಲು ತೆರೆದಾಗ ಅವರ ಮುಖ ನೋಡೋಕಾಗುತ್ತೆ ಅನ್ಸಿದ್ರೆ ತೆಗೀರಿ. ಇಲ್ದಿದ್ರೆ ಸಾಮಾನು ಎತ್ಕೊಂಡು ಮನೆಗೆ ಬನ್ನಿ.” ಅಂದಿನಿಂದ ಮಾಮ ಪ್ರತಿ ಬೀಗದ ಮುಂದೆಯೂ ಮಂಡಿಯೂರಿ, ಶಿಲುಬೆ ಗುರುತು ಹಾಕಿ, ಕಣ್ಣು ಮುಚ್ಚಿ ಆ ಕುರ್ಚಿಯನ್ನು ನೆನೆಯುತ್ತಿದ್ದ. ಹೇಗೂ ಕೀಲಿರಂಧ್ರ ನೋಡಲು ಮಂಡಿಯೂರಲೇಬೇಕಲ್ಲ, ಒಂದೇ ಸಲ ಬಗ್ಗಿದರೆ ಎರಡು ಕೆಲಸ.

ಮಂಡಿಯ ಊತ ಇಳಿಯುವ ಮೊದಲೇ ಅಂಗಡಿಗೆ ಒಬ್ಬ ಬಂದ. ಗರಿಗರಿ ಇಸ್ತ್ರಿಯ ಅಂಗಿ, ಅದಕ್ಕಿಂತ ಗರಿಗರಿ ಮಾತು.

“ಅಮ್ಮ ತೀರ್ಕೊಂಡ್ರು. ಮನೆ ಖಾಲಿ ಇದೆ. ಕೀ ಎಲ್ಲೋ ಕಳೆದುಹೋಗಿದೆ. ಹಳೆ ಬೀಗ ಕಿತ್ತು ಹೊಸದು ಹಾಕ್ಕೊಡಿ. ಸ್ವಲ್ಪ ಬೇಗ ಆಗ್ಬೇಕು.”

“ಒಳಗೆ ಯಾರೂ ಇಲ್ವಾ?”

“ಖಾಲಿ ಅಂದ್ನಲ್ಲ ಮಾಮ.”

ಓಣಿಯ ಕೊನೆಯ ಮನೆ. ಹಳೇ ಕಾಲದ ಬೀಗ, ಬೆರಳು ತೂರುವಷ್ಟು ದೊಡ್ಡ ರಂಧ್ರ. ಮಾಮ ನರಳುತ್ತಾ ಮಂಡಿಯೂರಿ ಕಣ್ಣಿಟ್ಟ. ಒಳಗೆ ದಾರದ ಮೇಲೆ ಬೇಕರಿ ಕೆಲಸದವರ ಏಪ್ರನ್ ಒಂದು ಇನ್ನೂ ತೊಟ್ಟಿಕ್ಕುತ್ತಿತ್ತು. ಮೇಜಿನ ಮೇಲೆ ಒಬ್ಬರ ಊಟ ತಟ್ಟೆ ಮುಚ್ಚಿಕೊಂಡು ಕಾಯುತ್ತಿತ್ತು. ಖಾಲಿ ಮನೆಗೆ ಹಸಿವಾಗುವುದಿಲ್ಲ, ಅದು ಬಟ್ಟೆ ಒಗೆಯುವುದೂ ಇಲ್ಲ. ಯಾರೋ ಸಂಜೆಗೆ ದಣಿದು ಬಂದು, ತನ್ನ ಕೀಲಿ ತೂರದ ಹೊಸ ಬೀಗದ ಮುಂದೆ ನಿಲ್ಲಬೇಕಾಗುತ್ತಿತ್ತು.

ಮಾಮ ಕಣ್ಣು ಮುಚ್ಚಿದ. ಕುರ್ಚಿ ನೆನಪಾಯಿತು, ಕೂತವರ ಮುಖವೂ. ತೀರ್ಮಾನಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಆದರೆ ಮಾಮ ಏಳಲಿಲ್ಲ.

ಇಸ್ತ್ರಿ ಅಂಗಿಯವನು ಮೊದಲು ಮರ್ಯಾದೆಗೆ ಸುಮ್ಮನಿದ್ದ. ಆಮೇಲೆ ಕೆಮ್ಮಿದ. ಮಾಮನ ತುಟಿ ಮಾತ್ರ ಅಲುಗುತ್ತಿತ್ತು, ಹಣೆಯಲ್ಲಿ ಬೆವರು. ದಾರಿಹೋಕರು ನಿಂತರು. ಒಬ್ಬರು ಟೋಪಿ ತೆಗೆದರು. ಎದುರುಮನೆಯ ಮಹಡಿಯಿಂದ ಚರ್ಚಿನ ಗಾನವೃಂದದ ದೊಡ್ಡಕ್ಕ ಇಳಿದುಬಂದು, “ಏನಪ್ಪಾ, ನಿಮ್ಮಮ್ಮನಿಗೋಸ್ಕರ ಪ್ರಾರ್ಥನೆ ಮಾಡಿಸ್ತಿದ್ದೀಯಾ? ಒಳ್ಳೇದು” ಎಂದು ತಾನೂ ಕೈಮುಗಿದು ನಿಂತಳು.

ಅಮ್ಮನ ಹೆಸರೆತ್ತಿದ್ದೇ ತಡ, ಅವನ ಇಸ್ತ್ರಿ ಮುದುಡತೊಡಗಿತು.

“ಹಂಗಲ್ಲ ಅಕ್ಕ... ತಂಗಿ ಇಲ್ಲಿರೋದು ನಿಜ. ಅವಳಿಗೆ ಬೇರೆ ಕಡೆ ಏನಾದ್ರೂ ನೋಡೋಣ ಅಂತಾನೇ...”

“ಅಮ್ಮನ್ನ ಕೊನೇವರೆಗೂ ನೋಡ್ಕೊಂಡವಳಿಗೆ ಬೇರೆ ಕಡೇನಾ?” ದೊಡ್ಡಕ್ಕ ಕೈಮುಗಿದಂತೆಯೇ ಕೇಳಿದಳು.

“ಅವಳಿಗೆ ಹೇಳೇ ಮಾಡೋನಿದ್ದೆ...” ಎಂದು ಅವನು ಮಾಮನ ಕಡೆ ನೋಡಿದ. ಮಾಮ ಇನ್ನಷ್ಟು ಬಿಗಿಯಾಗಿ ಕಣ್ಣು ಮುಚ್ಚಿಕೊಂಡ. ಅದು ಅವನಿಗೆ ತೀರ್ಪಿನಂತೆ ಕಂಡಿರಬೇಕು, ತಲೆ ತಗ್ಗಿಸಿದ.

ಅಷ್ಟರಲ್ಲಿ ತಂಗಿಯೇ ಬಂದಳು, ಕೈಯಲ್ಲಿ ಕೀಲಿ, ರೆಪ್ಪೆಯ ಮೇಲೆ ಬೇಕರಿಯ ಹಿಟ್ಟು.

“ಏನಣ್ಣಾ, ಇಲ್ಲಿ? ಯಾರಿವರು?”

ಅಣ್ಣ ಬಾಗಿಲ ಕಡೆ ಕೈ ತೋರಿಸಿದ. “ಬೀಗ... ಬಿಗಿಯಾಗಿತ್ತಲ್ಲ. ಎಣ್ಣೆ ಹಾಕಿಸೋಣ ಅಂತ.”

ಎಲ್ಲರೂ ಮಾಮನನ್ನು ನೋಡಿದರು. ಅಣ್ಣನ ಸುಳ್ಳನ್ನು ಓಣಿಯ ನಡುವೆ ಬಿಚ್ಚುವುದೇ, ಬೇಡವೇ? ಕುರ್ಚಿ ಮತ್ತೆ ನೆನಪಾಯಿತು. ಅಲ್ಲಿ ಕೂತವರಿಗೆ ಯಾರನ್ನೂ ಬೀದಿಯಲ್ಲಿ ನಿಲ್ಲಿಸುವುದು ಇಷ್ಟವಿಲ್ಲ, ತಂಗಿಯನ್ನೂ, ಅಣ್ಣನನ್ನೂ. ಮಾಮ ಚೀಲದಿಂದ ಎಣ್ಣೆಯ ಡಬ್ಬಿ ತೆಗೆದು ರಂಧ್ರಕ್ಕೆ ಎರಡು ತೊಟ್ಟು ಬಿಟ್ಟ. ಸುಳ್ಳು ಅಲ್ಲಿಗೆ ನಿಜವಾಯಿತು.

“ಎಣ್ಣೆ ಆಯ್ತಮ್ಮಾ. ಒಳಗಡೆಯಿಂದ ಒಂದು ಗಟ್ಟಿ ಚಿಲಕಾನೂ ಹಾಕ್ಕೊಡ್ತೀನಿ, ನೀನಾಗೇ ತೆಗೀದೆ ಹೊರಗಿಂದ ಯಾರೂ ಒಳಗೆ ಬರೋಕಾಗಲ್ಲ. ಖರ್ಚು ಅಣ್ಣಂದೇ. ಅಲ್ವಾ ಸ್ವಾಮಿ?”

ಅಣ್ಣ ತಲೆಯಾಡಿಸಿದ. ಬೇರೆ ದಾರಿಯಿರಲಿಲ್ಲ. ತಂಗಿ ನಗುತ್ತಾ ಮಾಮನ ತೋಳು ಹಿಡಿದು ಮೇಲೆತ್ತಿದಳು.

ದೊಡ್ಡಕ್ಕನ ನಾಲಿಗೆಯಲ್ಲಿ ಈ ಕಥೆ ಓಣಿಯಿಂದ ಓಣಿಗೆ ಬೆಳೆಯಿತು. ಚರ್ಚಿಗೆ ತಲುಪುವಾಗ ಮಾಮನ ತಲೆಯ ಸುತ್ತ ಸಣ್ಣಗೆ ಬೆಳಕೂ ಹತ್ತಿಕೊಂಡಿತ್ತು. ಮುಂದಿನ ಭಾನುವಾರ ಪ್ರಾರ್ಥನೆಯ ಬಗ್ಗೆಯೇ ಮಾತಾಡಬೇಕೆಂದಿದ್ದ ಫಾದರ್, ಪೂಜೆಗೆ ಮೊದಲೇ ಮಾಮನನ್ನು ಪಕ್ಕಕ್ಕೆ ಕರೆದರು. ಬೀಗಿತ್ತಿಯೂ ಕಿವಿ ನೆಟ್ಟಗೆ ಮಾಡಿಕೊಂಡು ಹತ್ತಿರ ಬಂದಳು.

“ಮಾಮ, ಜನರಿಗೆ ಉಪಯೋಗ ಆಗುತ್ತೆ, ಮುಚ್ಚುಮರೆ ಮಾಡ್ಬೇಡಿ. ಆ ಬಾಗಿಲ ಮುಂದೆ ಅಷ್ಟು ಹೊತ್ತು ಕಣ್ಣು ಮುಚ್ಚಿ ದೇವರನ್ನ ಏನು ಕೇಳ್ಕೊಂಡ್ರಿ?”

ಮಾಮ ಬೀಗಿತ್ತಿಯ ಕಡೆ ಒಮ್ಮೆ ನೋಡಿ, ಮಂಡಿ ಸವರಿಕೊಂಡ.

“ಎಬ್ಬಿಸಪ್ಪಾ ಅಂತ, ಫಾದರ್. ಮಂಡಿ ಹಿಡ್ಕೊಂಡುಬಿಟ್ಟಿತ್ತು.”