ಇಲ್ಲದ ಹುಣಿಯನ್ನು ದಾಟುವುದು

ಮೆಲ್ಕಾರಿನಲ್ಲಿ ಬಸ್ಸಿನಿಂದ ಇಳಿಯುವಾಗ ನಾನು ಕಾಲನ್ನು ಬೇಕಾದದ್ದಕ್ಕಿಂತ ಒಂದು ಗೇಣು ಹೆಚ್ಚು ಎತ್ತುತ್ತೇನೆ, ಮೆಟ್ಟಿಲ ಮೇಲೆ ಕಣ್ಣಿಗೆ ಕಾಣದ ಏನೋ ಮಲಗಿದೆ, ಅದನ್ನು ತುಳಿಯಬಾರದು ಎಂಬಂತೆ. "ಅಕ್ಕ, ಅಲ್ಲಿ ಎಂಥದೂ ಇಲ್ಲ, ಇಳಿಯಿರಿ" ಎಂದು ಕಂಡಕ್ಟರ್ ಎಷ್ಟೋ ಸಲ ಹೇಳಿದ್ದಾನೆ. ಎಂಥದೂ ಇಲ್ಲ ಎನ್ನುವುದು ಅವನ ಅಭಿಪ್ರಾಯ. ನನ್ನ ಪ್ರಕಾರ ಅಲ್ಲಿ ಒಂದು ಹುಣಿ, ಅಂದರೆ ಗದ್ದೆಯ ಬದು, ಉಂಟು.

ಹೈಸ್ಕೂಲಿನಲ್ಲಿ ನಾನು ವಾಲಿಬಾಲ್ ತಂಡದ ಸ್ಮ್ಯಾಶರ್ ಆಗಿದ್ದೆ. ನನ್ನ ಈಗಿನ ಗಾತ್ರವನ್ನು ಕಂಡವರು ಈ ವಾಕ್ಯವನ್ನು ರೂಪಕವೆಂದು ತಿಳಿಯುತ್ತಾರೆ. ಶಾಲೆಗೆ ಮೈದಾನವಿರಲಿಲ್ಲ, ಕೊಯ್ಲು ಮುಗಿದ ಪಕ್ಕದ ಗದ್ದೆಯಲ್ಲಿ ನೆಟ್ ಕಟ್ಟುತ್ತಿದ್ದೆವು. ಎಡಗೆರೆಯ ಹೊರಗೆ ಹುಣಿ ಇತ್ತು. ಎಡಮೂಲೆಯಿಂದ ಓಡಿಬಂದು ಹೊಡೆಯಬೇಕಾದ ನಾನು ಹುಣಿಯ ಆಚೆಯಿಂದ ಹೊರಟು, ನಡುವೆ ಎಡಗಾಲೆತ್ತಿ ಅದನ್ನು ದಾಟಿ, ಬಲಗಾಲನ್ನು ಕೊನೆಗೆ ಊರಿ ನೆಗೆಯುತ್ತಿದ್ದೆ. ಬಲಗೈಯವರಿಗೆ ಶಾಸ್ತ್ರ ಹೇಳುವುದು ಇದರ ತದ್ವಿರುದ್ಧ: ಎಡ, ಬಲ, ಎಡ, ಕೊನೆಯ ಎರಡು ಹೆಜ್ಜೆ ಬೇಗಬೇಗ, ಎಡಗಾಲು ತುಸು ಮುಂದೆ ನಿಂತರೆ ಬಲಭುಜ ಬಿಲ್ಲಿನ ಹಾಗೆ ಹಿಂದಕ್ಕೆ ತೆರೆದುಕೊಳ್ಳುತ್ತದೆ, ಹೊಡೆತಕ್ಕೆ ಕಸುವು ಬರುವುದು ಅಲ್ಲಿಂದ. ಈ ಶಾಸ್ತ್ರ ನನಗೆ ತಿಳಿದದ್ದು ತೀರ ಈಚೆಗೆ, ಮಗಳಿಗೆ ನನ್ನ ಹೆಜ್ಜೆಗಳನ್ನೆಲ್ಲ ಕಲಿಸಿ ಮುಗಿಸಿದ ಮೇಲೆ.

ಮಗಳು ಅನ್ವಿತಾ ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಓದುತ್ತಾಳೆ. ತಂಡದ ಆಯ್ಕೆಯ ಮೊದಲ ಸುತ್ತಿನಲ್ಲಿ ಅವಳ ಓಟ ನೋಡಿದ ಕೋಚ್ ಸೀಟಿ ಊದಿ ನಿಲ್ಲಿಸಿದರಂತೆ. "ನೀನು ಎಂಥದನ್ನು ದಾಟುದು? ಅಲ್ಲಿ ಎಂಥ ಉಂಟು?" ಎಲ್ಲರೂ ನಕ್ಕರಂತೆ. ಒಂದು ವಾರದೊಳಗೆ ಕಾಲು ಸರಿಮಾಡಿಕೊಂಡು ಬರಬೇಕು. ಇಲ್ಲದಿದ್ದರೆ ತಂಡದಲ್ಲಿ ಜಾಗವಿಲ್ಲ.

ಮನೆಗೆ ಬಂದವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. "ಅಮ್ಮ, ಆ ಗದ್ದೆಯನ್ನು ನಾನು ನೋಡಿಯೇ ಇಲ್ಲ. ಮತ್ತೆ ಅದರ ಹುಣಿಯನ್ನು ನಾನು ಯಾಕೆ ದಾಟುದು?" ಎಂದಳು. ಸಿಮೆಂಟಿನ ಅಂಗಳದಲ್ಲಿ ನಾನು ತೋರಿಸಿದ ಹಾಗೆಯೇ ಅವಳು ಮಾಡಿದ್ದಳು, ಅಷ್ಟೇ. ಒಳ್ಳೆಯ ಶಿಷ್ಯೆಯಾದದ್ದೇ ಅವಳ ತಪ್ಪು.

ಉತ್ತರ ತೋಚದಾಗ ಸಾಕ್ಷಿ ಹುಡುಕುವುದು ನನ್ನ ಚಾಳಿ. ಮುಮ್ತಾಜ್ ಹೈಸ್ಕೂಲಿನಲ್ಲಿ ನಮ್ಮ ತಂಡದ ಲಿಫ್ಟರ್, ಹೊಡೆಯುವವರಿಗೆ ಚೆಂಡನ್ನು ಎತ್ತಿಕೊಡುತ್ತಿದ್ದವಳು. ಈಗ ಮೆಲ್ಕಾರಿನಲ್ಲಿ ಬಟ್ಟೆ ಅಂಗಡಿ ನಡೆಸುತ್ತಾಳೆ. ವಿಷಯ ಹೇಳಿದೆ. ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ.

"ಹುಣಿ ಎಡದಲ್ಲಿ ಎಲ್ಲಿ ಮಾರಾಯ್ತಿ? ಅದು ಇದ್ದದ್ದು ಬಲದಲ್ಲಿ, ನನ್ನ ಬೆನ್ನ ಹಿಂದೆ. ಎಡವಿ ಬಿದ್ದದ್ದು ನಾನಲ್ವಾ?"

"ಮತ್ತೆ ನಾನು ದಾಟಿದ್ದು ಎಂಥದನ್ನು?"

"ನೀನು ದಾಟಿದ್ದಲ್ಲ, ಹೆದರಿದ್ದು. ನೆಟ್ಟಿನ ಆಚೆ ಎದುರು ತಂಡದ ಆ ಉದ್ದದ ಹುಡುಗಿ ಬ್ಲಾಕಿಗೆ ಕೈ ಎತ್ತಿದ ಕೂಡಲೇ ನಿನ್ನ ಕಾಲು ಗಾಳಿಯಲ್ಲೇ ನಿಲ್ತಿತ್ತು. ನೀನು ಬಂದು ಮುಟ್ಲಿ ಅಂತ ನಾನು ಚೆಂಡನ್ನು ಒಂದು ಮೊಳ ಹೆಚ್ಚು ಎತ್ತರಕ್ಕೆ ಕೊಡ್ತಿದ್ದೆ. ನಿಂಗೆ ಗೊತ್ತೇ ಇಲ್ವಾ?"

ಗೊತ್ತಿರಲಿಲ್ಲ. ಇಷ್ಟು ವರ್ಷ ನನ್ನ ಸ್ಮ್ಯಾಶುಗಳನ್ನು ನಾನೊಬ್ಬಳೇ ಹೊಡೆದೆನೆಂದು ತಿಳಿದಿದ್ದೆ. ಹಾಗೆಂದು ಮುಮ್ತಾಜಳನ್ನು ಪೂರ್ತಿ ನಂಬುವುದಾದರೂ ಹೇಗೆ? ಅದೇ ಉಸಿರಿನಲ್ಲಿ ಅವಳು, ಬೆಳ್ತಂಗಡಿಯ ಪಂದ್ಯ ನಾವು ಗೆದ್ದೆವಲ್ಲ ಎಂದಳು. ನಾವು ಸೋತಿದ್ದೆವು. ಅಥವಾ ಸೋತದ್ದು ಇನ್ನೊಂದು ಪಂದ್ಯವೋ? ಗದ್ದೆಯಿದ್ದಲ್ಲಿ ಈಗ ಮದುವೆ ಹಾಲಿನ ಪಾರ್ಕಿಂಗ್; ಅಲ್ಲಿ ಎಡವೂ ಇಲ್ಲ, ಬಲವೂ ಇಲ್ಲ. ಮೇಲೆ 'ಹುಣಿ ಇತ್ತು' ಎಂದು ಅಷ್ಟು ಧೈರ್ಯದಿಂದ ಬರೆದ ವಾಕ್ಯವನ್ನು ಅಳಿಸಲು ಹೊರಟೆ, ಆಗಲಿಲ್ಲ. ಹುಣಿಯನ್ನು ತೆಗೆದರೆ, ಮಗಳಿಗೆ ನಾನು ಕಲಿಸಿದ್ದು ಹೆದರಿಕೆ ಎಂದಾಗುತ್ತದೆ. ಹೆಜ್ಜೆಯನ್ನು ತಿದ್ದಬಹುದು, ಹೆದರಿಕೆಯನ್ನು ಯಾವ ಗೆರೆ ಎಳೆದು ತಿದ್ದಲಿ?

ಆ ವಾರ ಅಂಗಳದಲ್ಲಿ ಸೀಮೆಸುಣ್ಣದಿಂದ ಎಡ, ಬಲ, ಎಡ ಪಾದಗಳನ್ನು ಬರೆದೆವು. ಪಾದಗಳನ್ನು ನೋಡಿದರೆ ಅನ್ವಿತಾ ಚೆಂಡನ್ನು ಮರೆಯುತ್ತಿದ್ದಳು. ಚೆಂಡನ್ನು ನೋಡಿದರೆ ಕಾಲು ತಾನಾಗಿ ಹುಣಿ ದಾಟುತ್ತಿತ್ತು. "ಸ್ವಲ್ಪ ಎತ್ತರಕ್ಕೆ ಕೊಡು ಅಮ್ಮ" ಎನ್ನುತ್ತಿದ್ದಳು. ನಾನು ಎಸೆದ ಚೆಂಡು ಒಮ್ಮೆ ತುಳಸಿಕಟ್ಟೆಗೆ, ಒಮ್ಮೆ ನೆರೆಮನೆಯ ಹೆಂಚಿನ ಮಾಡಿಗೆ ಹೋಗುತ್ತಿತ್ತು. ಹೊಡೆಯುವವರ ಕಾಲನ್ನು ಓದಿ ಚೆಂಡು ಕೊಡುವ ವಿದ್ಯೆ ನನ್ನದಾಗಿರಲಿಲ್ಲ. ಅದು ನನ್ನ ಎದುರಿಗೇ ನಡೆಯುತ್ತಿದ್ದರೂ ನಾನು ನೋಡಿರಲಿಲ್ಲ.

ಮರು ಆಯ್ಕೆಯ ದಿನ ಬೆಳಿಗ್ಗೆ ಕಾಲೇಜು ಮೈದಾನದ ಬೇಲಿಯ ಹೊರಗೆ ನಿಂತೆ. ಒಬ್ಬೊಬ್ಬರಿಗೆ ಮೂರು ಚೆಂಡು. ಮೊದಲನೆಯದಕ್ಕೆ ಅನ್ವಿತಾ ಎಡ, ಬಲ, ಎಡ ಎಂದು ಎಣಿಸಿಕೊಂಡೇ ಓಡಿದಳು. ಚೆಂಡು ನೆಟ್ಟಿಗೆ ಬಿತ್ತು. ಎರಡನೆಯದಕ್ಕೆ ಕಾಲು ಹಳೆಯ ಹುಣಿಯನ್ನು ದಾಟಿತು, ತಡವಾಯಿತು. ಆಚೆ ಬ್ಲಾಕಿಗೆ ಎದ್ದ ಕೈಗಳಿಗೆ ತಾಗಿ ಚೆಂಡು ಇವಳ ಕಾಲಬುಡಕ್ಕೇ ಬಂತು. ಕೋಚ್ ಪುಸ್ತಕದ ಕಡೆ ನೋಡಿದರು. ಲಿಫ್ಟ್ ಮಾಡುತ್ತಿದ್ದ ಸಪೂರದ ಹುಡುಗಿ ಮಾತ್ರ ಅನ್ವಿತಾಳ ಕಾಲನ್ನು ನೋಡಿದಳು. ಮೂರನೆಯ ಚೆಂಡು ಅವಳ ಬೆರಳುಗಳಿಂದ ಎದ್ದಾಗ ಒಂದು ಮೊಳ ಹೆಚ್ಚು ಎತ್ತರವಿತ್ತು.

ಡಬ್ ಎಂದಿತು. ಚೆಂಡು ಆಚೆಯ ಗೆರೆಯ ಒಳಗೇ ಬಿದ್ದಿತ್ತು.

"ನಾಳೆಯಿಂದ ಬೇಗ ಬಾ. ಕಾಲಿನ ಕೆಲಸ ತುಂಬ ಉಂಟು" ಎಂದು ಕೋಚ್ ಹೆಸರು ಬರೆದುಕೊಂಡರು.

ಬಂಟ್ವಾಳದಲ್ಲಿ ಬಸ್ಸು ಬದಲಾಯಿಸಿ ಕುಳಿತ ಮೇಲೆ ಅನ್ವಿತಾ ಕೇಳಿದಳು: "ಅಮ್ಮ, ಕಡೆಯದ್ದಕ್ಕೆ ಯಾವ ಕಾಲು ಕೊನೆಗೆ ಊರಿದೆ? ನನಗೆ ನೆನಪೇ ಇಲ್ಲ." ಅದೊಂದನ್ನೇ ನೋಡಲೆಂದು ರಜೆ ಹಾಕಿ ಹೋದವಳು ನಾನು. ಆದರೆ ಆ ಹೊತ್ತು ನನ್ನ ಕಣ್ಣು ಇದ್ದದ್ದು ಲಿಫ್ಟ್ ಮಾಡಿದವಳ ಕೈಯ ಮೇಲೆ. ಇನ್ನು ಈ ಹೊಡೆತಕ್ಕೂ ಸಾಕ್ಷಿಯಿಲ್ಲ.

ಮೆಲ್ಕಾರ್ ಬಂತು. ಮುಮ್ತಾಜಳಿಗೆ ಹೇಳಿಯೇ ಮನೆಗೆ ಹೋಗುವ ಎಂದುಕೊಂಡು ಎದ್ದೆ. ಮೆಟ್ಟಿಲಿನಲ್ಲಿ ನನ್ನ ಕಾಲು ಎಂದಿನಂತೆ ಗಾಳಿಯಲ್ಲಿ ನಿಂತಿತು. ಕಂಡಕ್ಟರ್ ಬಾಯಿ ತೆರೆಯುವ ಮೊದಲೇ, ಕೆಳಗಿಳಿದಿದ್ದ ಅನ್ವಿತಾ ಕೈ ಚಾಚಿದಳು.

"ನಿಧಾನ ಅಮ್ಮ, ಹುಣಿ ಉಂಟು."

ಕಂಡಕ್ಟರ್ ಬಗ್ಗಿ ನೆಲ ನೋಡಿದ.